ಡ್ಯೂಟಿ ಮುಗಿದ ಮೇಲೂ ಕಾಡುವ ವಾರ್ಡು: ನಮ್ಮ ಸೀಮೆಯ ನರ್ಸ್‌ಗಳಿಗೆ ಒಂದು ಮಾರ್ಗದರ್ಶಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಆಸ್ಪತ್ರೆಗಳಲ್ಲಿ ಕೆಲಸ ಬಿಟ್ಟು ಹೊರಟ ನರ್ಸ್‌ಗಳನ್ನು ಯಾಕಮ್ಮ ಬಿಡ್ತಿದ್ದೀಯಾ ಅಂತ ಕೇಳಿದರೆ ಮೊದಲು ಬರುವ ಉತ್ತರ ಸಂಬಳ. ಅದು ಸುಳ್ಳಲ್ಲ. ಆದರೆ ಕೂತು ಟೀ ಕುಡಿಯುತ್ತಾ ಇನ್ನೊಂದಿಷ್ಟು ಮಾತಾಡಿದರೆ ಬೇರೊಂದು ಉತ್ತರ ಹೊರಗೆ ಬರುತ್ತದೆ. "ಆ ಅಜ್ಜೀನ ಎರಡು ಗಂಟೆಗೊಂದು ಸಲ ಮಗ್ಗುಲು ತಿರುಗಿಸಬೇಕಿತ್ತು ಮೇಡಂ. ರಾತ್ರಿ ನಾನೊಬ್ಬಳೇ. ಆಗಲಿಲ್ಲ. ಬೆನ್ನು ಹುಣ್ಣಾಯ್ತು." ಹೀಗೆ ಹೇಳುವಾಗ ಆ ಹುಡುಗಿಯರ ಮುಖ ನೋಡಿದವರಿಗೆ ಅದು ಸಂಬಳದ ಮಾತಲ್ಲ ಅಂತ ತಿಳಿಯುತ್ತದೆ.

ಯಾವುದು ಸರಿ ಎಂದು ಗೊತ್ತಿದ್ದೂ, ಅದನ್ನು ಮಾಡಲು ಬಿಡದ ವ್ಯವಸ್ಥೆಯೊಳಗೆ ಸಿಕ್ಕಿಬಿದ್ದಾಗ ಆಗುವ ಈ ನೋವಿಗೆ ಅಮೆರಿಕದ ಆಂಡ್ರ್ಯೂ ಜೇಮ್ಟನ್ ಎಂಬ ತತ್ವಶಾಸ್ತ್ರಜ್ಞರು 1984ರಲ್ಲಿ ನೈತಿಕ ಸಂಕಟ ಎಂದು ಹೆಸರಿಟ್ಟರು. ಅವರು ಬರೆದದ್ದೂ ನರ್ಸ್‌ಗಳ ಬಗ್ಗೆಯೇ. ನಮ್ಮಲ್ಲಿ ನೀತಿಯ ಮಾತು ಬರುವುದು ಮೇ 12ರ ದಾದಿಯರ ದಿನದ ಭಾಷಣದಲ್ಲಿ, ಕೆಲಸದ ತೃಪ್ತಿಯ ಮಾತು ಬರುವುದು ಆಡಳಿತದವರು ತುಂಬಿಸಿಕೊಳ್ಳುವ ಫಾರಂನಲ್ಲಿ. ವಾರ್ಡಿನಲ್ಲಿ ಮಾತ್ರ ಅವೆರಡೂ ಒಂದೇ. ಸರಿಯಾಗಿ ಕೆಲಸ ಮಾಡಲು ಆದ ದಿನ ಕಾಲು ನೋಯುತ್ತಿದ್ದರೂ ಮನಸ್ಸು ಹಗುರ. ಆಗದ ದಿನ ರಜೆ ಸಿಕ್ಕರೂ ಭಾರ. ಹಾಗಾಗಿ ತೃಪ್ತಿ ಬೇಕು ಅನ್ನುವವರು ಕೆಲಸದ ನೀತಿಯಿಂದಲೇ ಶುರುಮಾಡಬೇಕು ಎಂಬುದು ನನ್ನ ನಂಬಿಕೆ. ಮುಂದಿನದೆಲ್ಲ ಅದನ್ನು ಹೇಗೆ ಮಾಡುವುದು ಎಂಬ ವಿವರ.

ಮೊದಲ ಹೆಜ್ಜೆ: ಕಾಡುತ್ತಿರುವುದು ಏನು ಎಂದು ವಿಂಗಡಿಸಿ

ಜೇಬಿನಲ್ಲಿ ಹಿಡಿಸುವ ಒಂದು ಪುಸ್ತಕ ಇಟ್ಟುಕೊಳ್ಳಿ. ಎರಡು ವಾರ, ಪ್ರತಿ ಡ್ಯೂಟಿ ಮುಗಿದ ಮೇಲೆ, ಅವತ್ತು ಮನಸ್ಸಿಗೆ ಚುಚ್ಚಿದ್ದನ್ನು ಒಂದೆರಡು ಸಾಲಲ್ಲಿ ಬರೆಯಿರಿ. ರೋಗಿಯ ಹೆಸರು, ಬೆಡ್ ನಂಬರ್ ಬೇಡ. ಎರಡು ವಾರದ ನಂತರ ಪ್ರತಿ ಸಾಲಿನ ಪಕ್ಕ ಗುರುತು ಹಾಕಿ: ಇದು ದಣಿವೋ, ಅನ್ಯಾಯವೋ, ನೈತಿಕ ಸಂಕಟವೋ?

ಸತತವಾಗಿ ನೈಟ್ ಮಾಡಿ ತಲೆ ಸುತ್ತಿದ್ದು ದಣಿವು. ಅದೇ ಕೆಲಸ ಮಾಡುವ ಕಾಯಂ ನೌಕರರಿಗೂ ಗುತ್ತಿಗೆಯ ನಿಮಗೂ ಸಂಬಳದಲ್ಲಿ ಅಜಗಜಾಂತರ ಇರುವುದು ಅನ್ಯಾಯ. ನೋವಿನಲ್ಲಿ ನರಳುವ ರೋಗಿಗೆ ಇಂಜೆಕ್ಷನ್ ಬರೆಸಿಕೊಳ್ಳಲು ಡಾಕ್ಟರ್ ಫೋನ್ ಎತ್ತದೆ ಹೋದದ್ದು ಸಂಕಟ. ಮೂರಕ್ಕೂ ಮದ್ದು ಬೇರೆ ಬೇರೆ. ದಣಿವಿಗೆ ನಿದ್ದೆ, ರಜೆ, ರೋಸ್ಟರ್ ಬದಲಾವಣೆ ಬೇಕು. ಅನ್ಯಾಯಕ್ಕೆ ಒಗ್ಗಟ್ಟು, ಕಾಗದ, ಕಾನೂನು ಬೇಕು. ಸಂಕಟಕ್ಕೆ ಬಾಯಿ ಬಿಟ್ಟು ಹೇಳುವ ಅಭ್ಯಾಸ ಬೇಕು. ನಮ್ಮಲ್ಲಿ ಹೆಚ್ಚಿನವರು ಮೂರನ್ನೂ ಸೇರಿಸಿ "ಈ ಕೆಲಸವೇ ಬೇಡ" ಅಂದುಬಿಡುತ್ತಾರೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ಕೆಲಸದ ತೃಪ್ತಿಯ ಬಗ್ಗೆ ಹೇಳಿದ ಒಂದು ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಸಂಬಳ, ಕೆಲಸದ ಜಾಗ, ಮೇಲಿನವರ ನಡವಳಿಕೆ ಇವು ಕೆಟ್ಟಿದ್ದರೆ ಅತೃಪ್ತಿ ಹುಟ್ಟುತ್ತದೆ. ಸರಿಹೋದರೆ ಅತೃಪ್ತಿ ಹೋಗುತ್ತದೆ, ಅಷ್ಟೇ. ತೃಪ್ತಿ ಹುಟ್ಟುವುದು ಕೆಲಸದ ಒಳಗಿನಿಂದ: ಮಾಡಿದ್ದು ಫಲಿಸಿದಾಗ, ಅದನ್ನು ಇನ್ನೊಬ್ಬರು ಗುರುತಿಸಿದಾಗ, ಜವಾಬ್ದಾರಿ ಸಿಕ್ಕಾಗ. ನರ್ಸ್‌ಗಳಿಗೆ ಬಟ್ಟೆ ಬದಲಾಯಿಸಲು ಬಾಗಿಲಿರುವ ಕೋಣೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ಕೋಣೆ ಸಿಕ್ಕ ಮಾತ್ರಕ್ಕೆ ಮೇಲೆ ಹೇಳಿದ ಅಜ್ಜಿಯ ನೆನಪು ಹೋಗುವುದಿಲ್ಲ.

ಪುಸ್ತಕದಲ್ಲಿ ಒಂದು ಗುರುತನ್ನು ವಿಶೇಷವಾಗಿ ನೋಡಿ. ರೋಗಿಗಳ ಮೇಲೆ ಕಾರಣವಿಲ್ಲದೆ ಸಿಟ್ಟು ಬರುತ್ತಿದೆಯೇ, ಯಾರು ಸತ್ತರೂ ಏನೂ ಅನಿಸುತ್ತಿಲ್ಲವೇ, ನಾನು ಏನು ಮಾಡಿದರೂ ಪ್ರಯೋಜನವಿಲ್ಲ ಅನಿಸುತ್ತಿದೆಯೇ? ಇವು ಮೂರೂ ಸೇರಿದರೆ ಅದು ಬರ್ನ್‌ಔಟ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ಪಟ್ಟಿಯ ಪರಿಷ್ಕರಣೆಯಲ್ಲಿ ಇದನ್ನು ಕೆಲಸದಿಂದ ಬರುವ ಸ್ಥಿತಿ ಎಂದು ಸೇರಿಸಿತು. ಕೆಲಸದಿಂದ ಬಂದದ್ದು ಎಂಬುದನ್ನು ಗಮನಿಸಿ. ನಿಮ್ಮ ಸ್ವಭಾವದ ದೋಷ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಎರಡನೇ ಹೆಜ್ಜೆ: ಚಾರ್ಟಿನಲ್ಲಿ ಸುಳ್ಳು ಬರೆಯುವುದನ್ನು ನಿಲ್ಲಿಸಿ

ನೀತಿಯ ಪಾಠದಲ್ಲಿ ದಯಾಮರಣ, ಅಂಗಾಂಗ ಕಸಿಯ ಚರ್ಚೆ ಇರುತ್ತದೆ. ನಮ್ಮ ವಾರ್ಡುಗಳ ನಿಜವಾದ ನೀತಿ ಪರೀಕ್ಷೆ ನಡೆಯುವುದು ಬೆಳಗಿನ ಜಾವ, ರೋಗಿಯ ಜ್ವರ, ನಾಡಿ, ಉಸಿರಾಟ ಬರೆಯುವ ಟಿಪಿಆರ್ ಚಾರ್ಟ್ ಮುಂದೆ. 2 ಗಂಟೆಯ ಬಿಪಿ ನೋಡಿಲ್ಲ. 6 ಗಂಟೆಯದೂ ನೋಡಿಲ್ಲ. 8ಕ್ಕೆ ಮುಂದಿನ ಪಾಳಿಯವರಿಗೆ ವಾರ್ಡು ಒಪ್ಪಿಸುವ ಹ್ಯಾಂಡೋವರ್. ಪೆನ್ನು ತೆಗೆದುಕೊಂಡು 120/80, 118/78 ಅಂತ ಸಾಲಾಗಿ ತುಂಬಿಸುವುದು ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ ಹೊಸದಾಗಿ ಸೇರಿದವರಿಗೆ ಸೀನಿಯರ್‌ಗಳೇ ಹೇಳಿಕೊಡುತ್ತಾರೆ.

ಇದರಿಂದ ಆಗುವ ಮೊದಲ ಕೇಡು ರೋಗಿಗೆ: ಬೆಳಗಿನ ಡಾಕ್ಟರ್ ಆ ಅಂಕಿ ನಂಬಿ ಔಷಧಿ ಬದಲಿಸುತ್ತಾರೆ. ಎರಡನೆಯದು ನಿಮಗೆ: ಏನಾದರೂ ಆಗಿ ಕೇಸ್‌ಶೀಟ್ ಕೋರ್ಟಿಗೆ ಹೋದರೆ ಆ ಕೈಬರಹ ನಿಮ್ಮದು. ಮೂರನೆಯದನ್ನು ಯಾರೂ ಹೇಳುವುದಿಲ್ಲ. ಸುಳ್ಳು ಅಂಕಿ ತುಂಬಿಸಿದ ಪ್ರತಿ ಚಾರ್ಟೂ "ಒಬ್ಬ ನರ್ಸ್ ಇಷ್ಟು ರೋಗಿಗಳನ್ನು ನೋಡಿಕೊಳ್ಳಲು ಸಾಧ್ಯ" ಎಂಬುದಕ್ಕೆ ಆಡಳಿತಕ್ಕೆ ಸಿಗುವ ಪುರಾವೆ. ಎಲ್ಲ ಕೆಲಸವೂ ಆಗಿದೆ ಎಂದು ಕಾಗದ ಹೇಳುತ್ತಿರುವಾಗ ಇನ್ನೊಬ್ಬರನ್ನು ಯಾಕೆ ನೇಮಿಸುತ್ತಾರೆ?

ಹಾಗಾದರೆ ಏನು ಮಾಡಬೇಕು? ನೋಡದಿದ್ದರೆ ಖಾಲಿ ಬಿಡಿ. ಪಕ್ಕದಲ್ಲಿ ಕಾರಣ ಬರೆಯಿರಿ: "ರಾತ್ರಿ 2ರಿಂದ 3.30ರವರೆಗೆ 14ನೇ ಬೆಡ್‌ನಲ್ಲಿ ಎಮರ್ಜೆನ್ಸಿ, ಬಿಪಿ ನೋಡಲಾಗಿಲ್ಲ." ತಡವಾಗಿ ಬರೆಯುವುದಾದರೆ ಬರೆಯುತ್ತಿರುವ ಈಗಿನ ಸಮಯ ಹಾಕಿ, ತಡವಾದ ದಾಖಲೆ ಎಂದು ನಮೂದಿಸಿ, ಘಟನೆ ನಡೆದ ಸಮಯ ಬರೆಯಿರಿ. ತಪ್ಪು ಬರೆದಿದ್ದರೆ ಒಂದೇ ಗೆರೆ ಎಳೆದು, ಸಹಿ ಮತ್ತು ತಾರೀಖು ಹಾಕಿ ಮುಂದೆ ಸರಿಯಾದದ್ದನ್ನು ಬರೆಯಿರಿ. ವೈಟ್ನರ್ ಹಚ್ಚಬೇಡಿ, ಹಾಳೆ ಕಿತ್ತು ಹೊಸದಾಗಿ ಬರೆಯಬೇಡಿ. ಇನ್ನೊಬ್ಬರು ಮಾಡಿದ್ದಕ್ಕೆ ನೀವು ಸಹಿ ಹಾಕಬೇಡಿ. ಇದು ವಿದ್ಯಾರ್ಥಿನಿಯರು ಕೊಟ್ಟ ಇಂಜೆಕ್ಷನ್‌ಗೂ ಅನ್ವಯ. ನೀವು ಪಕ್ಕದಲ್ಲಿ ನಿಂತು ನೋಡಿದ್ದರೆ ಹಾಗೆಂದೇ ಬರೆಯಿರಿ.

ಎಲ್ಲರನ್ನೂ ನೋಡಲು ಆಗದ ರಾತ್ರಿ ಯಾರನ್ನು ಮೊದಲು ನೋಡಬೇಕು ಎಂದು ಡ್ಯೂಟಿ ಶುರುವಿನಲ್ಲೇ ನಿರ್ಧರಿಸಿಕೊಳ್ಳಿ. ಅವತ್ತೇ ಆಪರೇಷನ್ ಆದವರು, ರಕ್ತ ಏರುತ್ತಿರುವವರು, ಉಸಿರಾಟದ ವೇಗ ಬದಲಾಗುತ್ತಿರುವವರು ಮೊದಲು. ನಾಳೆ ಡಿಸ್ಚಾರ್ಜ್ ಆಗುವವರ ಮಧ್ಯರಾತ್ರಿಯ ಬಿಪಿ ತಪ್ಪಿದರೆ ಲೋಕ ಮುಳುಗುವುದಿಲ್ಲ. ಆದರೆ ಅದನ್ನೂ ಬಿಟ್ಟಿದ್ದೇನೆಂದು ಕಾಗದದ ಮೇಲಿರಲಿ.

ಔಷಧಿ ತಪ್ಪಾಗಿ ಹೋದರೆ ಕ್ರಮ ಇದು: ಮೊದಲು ರೋಗಿಯನ್ನು ನೋಡಿ, ತಕ್ಷಣ ಡಾಕ್ಟರಿಗೆ ತಿಳಿಸಿ, ಹೇಳಿದ್ದನ್ನು ಮಾಡಿ, ಕೇಸ್‌ಶೀಟ್‌ನಲ್ಲಿ ನಡೆದದ್ದನ್ನಷ್ಟೇ ಬರೆಯಿರಿ, ನಂತರ ನಡೆದ ತಪ್ಪನ್ನು ವರದಿ ಮಾಡುವ ಇನ್ಸಿಡೆಂಟ್ ಫಾರಂ ತುಂಬಿಸಿ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್ ಕೊಡುವಾಗ ಇನ್ನೊಬ್ಬರ ಕಣ್ಣು ಕಡ್ಡಾಯ ಅಂತ ವಾರ್ಡಿನಲ್ಲೇ ಒಂದು ಕಟ್ಟಳೆ ಮಾಡಿಕೊಳ್ಳಿ. ಪೊಟ್ಯಾಸಿಯಂ ಕ್ಲೋರೈಡನ್ನು ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ. ಇಂಥ ಆ್ಯಂಪುಲ್‌ಗಳನ್ನು ಸಾಮಾನ್ಯ ಟ್ರೇಯಲ್ಲಿ ಇಡಲೇಬೇಡಿ.

ಮೂರನೇ ಹೆಜ್ಜೆ: ಡಾಕ್ಟರಿಗೆ ಹೇಳುವ ರೀತಿ ಕಲಿಯಿರಿ

"ಸಾರ್, 8ನೇ ಬೆಡ್ ಪೇಷಂಟ್ ಯಾಕೋ ಸರಿಯಿಲ್ಲ" ಅಂದರೆ ಫೋನಿನ ಆ ಕಡೆಯಿಂದ "ನೋಡ್ತಿರಿ" ಅಂತ ಬರುತ್ತದೆ. ಅದೇ ಮಾತನ್ನು ನಾಲ್ಕು ಭಾಗ ಮಾಡಿ ಹೇಳುವ ಎಸ್‌ಬಾರ್ ಎಂಬ ಕ್ರಮವಿದೆ: ಈಗಿನ ಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ನಿಮಗೆ ಬೇಕಾದದ್ದು. ಹೀಗೆ ಹೇಳಿ ನೋಡಿ:

"ಸಾರ್, ಮೇಲ್ ಸರ್ಜಿಕಲ್ ವಾರ್ಡಿಂದ ಮಾತಾಡ್ತಿದ್ದೀನಿ. 8ನೇ ಬೆಡ್, ಬಿಪಿ 90/60, ಪಲ್ಸ್ 124 ಆಗಿದೆ. 52 ವರ್ಷದವರು, ಇವತ್ತು ಮಧ್ಯಾಹ್ನ ಹರ್ನಿಯಾ ಆಪರೇಷನ್ ಆಗಿದೆ, ಸಂಜೆ ಬಿಪಿ 130/80 ಇತ್ತು. ಡ್ರೆಸಿಂಗ್ ನೆನೆದಿದೆ, ಒಳಗೆ ಬ್ಲೀಡಿಂಗ್ ಆಗ್ತಿರಬಹುದು ಅನಿಸುತ್ತೆ. ತಾವು ಈಗಲೇ ಬಂದು ನೋಡಬೇಕು ಸಾರ್. ಬರೋ ಹೊತ್ತಿಗೆ ಆರ್‌ಎಲ್ ಡ್ರಿಪ್ ಫಾಸ್ಟ್ ಬಿಡಲಾ, ರಕ್ತದ ಗ್ರೂಪಿಂಗ್‌ಗೆ ಕಳಿಸಲಾ?"

ಕೊನೆಯ ಭಾಗವನ್ನೇ ನಮ್ಮವರು ನುಂಗಿಬಿಡುವುದು. ಡಾಕ್ಟರಿಗೆ ಏನು ಮಾಡಿ ಅಂತ ನಾನು ಹೇಳುವುದೇ ಎಂಬ ಸಂಕೋಚ. ಹೇಳಿ. ರಾತ್ರಿಯೆಲ್ಲ ರೋಗಿಯ ಪಕ್ಕ ಇದ್ದವರು ನೀವು. ಫೋನಿನಲ್ಲಿ ಹೇಳಿದ ಆರ್ಡರನ್ನು ಬರೆದುಕೊಂಡು, ಔಷಧಿಯ ಹೆಸರು ಮತ್ತು ಪ್ರಮಾಣ ಗಟ್ಟಿಯಾಗಿ ಓದಿ ಹೇಳಿ, "ಸರಿ" ಅನಿಸಿಕೊಂಡ ಮೇಲೆಯೇ ಕೊಡಿ. ಬೆಳಿಗ್ಗೆ ರೌಂಡ್ಸ್‌ನಲ್ಲಿ ಸಹಿ ಮಾಡಿಸಿ.

ತಪ್ಪು ಆರ್ಡರ್ ಕಂಡಾಗ ಮೆಟ್ಟಿಲು ಮೆಟ್ಟಿಲಾಗಿ ಏರಿ. ಮೊದಲು: "ಸಾರ್, ನನಗೊಂದು ಆತಂಕ ಇದೆ, ಈ ಪೇಷಂಟಿಗೆ ಪೆನ್ಸಿಲಿನ್ ಅಲರ್ಜಿ ಅಂತ ಬರೆದಿದೆ." ಕೇಳದಿದ್ದರೆ: "ಸಾರ್, ಇದನ್ನ ಕೊಡೋಕೆ ನನಗೆ ಧೈರ್ಯ ಬರ್ತಿಲ್ಲ." ಆಗಲೂ ಕೇಳದಿದ್ದರೆ: "ಇದು ಪೇಷಂಟ್ ಪ್ರಾಣದ ಪ್ರಶ್ನೆ ಸಾರ್, ನಾನು ಕೊಡಲ್ಲ, ಸೂಪರಿಂಟೆಂಡೆಂಟ್ ಮೇಡಂಗೆ ಫೋನ್ ಮಾಡ್ತೀನಿ." ದನಿ ಏರಿಸಬೇಕಿಲ್ಲ, ರೋಗಿಯ ಮುಂದೆ ವಾದ ಬೇಡ. ಆದರೆ ಮೂರನೇ ಮೆಟ್ಟಿಲು ಹತ್ತಲು ಹೆದರಬೇಡಿ. ಭಾರತೀಯ ನರ್ಸಿಂಗ್ ಪರಿಷತ್ತು 2006ರಲ್ಲಿ ಹೊರಡಿಸಿದ ನೀತಿ ಸಂಹಿತೆಯ ಪ್ರಕಾರ ನರ್ಸ್ ತನ್ನ ಕೆಲಸಕ್ಕೆ ತಾನೇ ಉತ್ತರದಾಯಿ. "ಡಾಕ್ಟರ್ ಹೇಳಿದ್ದಕ್ಕೆ ಕೊಟ್ಟೆ" ಎಂಬ ಮಾತು ನಿಮ್ಮನ್ನು ಪೂರ್ತಿ ಕಾಪಾಡುವುದಿಲ್ಲ.

ಸಮ್ಮತಿ ಪತ್ರದ ವಿಷಯವೂ ಇಲ್ಲೇ ಬರುತ್ತದೆ. ಆಪರೇಷನ್ನಿನ ಅಪಾಯ ವಿವರಿಸುವುದು ಆಪರೇಷನ್ ಮಾಡುವ ಡಾಕ್ಟರ ಕೆಲಸ. ನಿಮ್ಮ ಸಹಿ ಸಾಕ್ಷಿಯದು ಮಾತ್ರ. ವಿವರಿಸಿದ್ದನ್ನು ನೋಡದೆ ಸಾಕ್ಷಿ ಹಾಕಬೇಡಿ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯ ಎಷ್ಟೋ ಹಿರಿಯರಿಗೆ ಮನೆಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು. ಕನ್ನಡದ ಫಾರಂಗೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಸಮ್ಮತಿ ಆಗುವುದಿಲ್ಲ. ಅವರ ಮಾತು ಬಲ್ಲವರನ್ನು ಕರೆಸಿ, "ಈಗ ನಿಮಗೆ ಏನು ಮಾಡ್ತಾರೆ, ನೀವೇ ಹೇಳಿ ನೋಡೋಣ" ಎಂದು ಕೇಳಿ. ಅವರು ಹೇಳಲಾರದಿದ್ದರೆ ಡಾಕ್ಟರನ್ನು ವಾಪಸ್ ಕರೆಯಿರಿ.

ನಾಲ್ಕನೇ ಹೆಜ್ಜೆ: ಸಣ್ಣ ಊರಿನಲ್ಲಿ ಗುಟ್ಟು ಕಾಯುವುದು

ಬೆಂಗಳೂರಿನ ದೊಡ್ಡ ಆಸ್ಪತ್ರೆಯ ನರ್ಸ್‌ಗೆ ರೋಗಿ ಅಪರಿಚಿತ. ಮಾಲೂರಿನಲ್ಲೋ ಗೌರಿಬಿದನೂರಿನಲ್ಲೋ ಶಿರಾದಲ್ಲೋ ರೋಗಿಯ ಚಿಕ್ಕಮ್ಮ ನಿಮ್ಮ ಪಕ್ಕದ ಬೀದಿಯವರು. ಸಂಜೆ ಹಾಲಿನ ಡೈರಿ ಹತ್ತಿರ ಸಿಕ್ಕು, "ಅಕ್ಕಾ, ನಿಮ್ಮ ಆಸ್ಪತ್ರೇಲಿ ಆ ಹುಡುಗಿ ಸೇರವ್ಳಂತೆ, ಏನಾಗದೆ?" ಅನ್ನುತ್ತಾರೆ. "ನನಗೆ ಗೊತ್ತಿಲ್ಲ" ಎಂಬ ಸುಳ್ಳು ನಿಲ್ಲುವುದಿಲ್ಲ, ಯಾಕೆಂದರೆ ನಿಮ್ಮನ್ನು ಅಲ್ಲಿ ನೋಡಿದವರಿದ್ದಾರೆ. ಇದನ್ನು ಅಭ್ಯಾಸ ಮಾಡಿಕೊಳ್ಳಿ: "ಆಸ್ಪತ್ರೆ ವಿಷಯ ಹೊರಗೆ ಹೇಳೋ ಹಾಗಿಲ್ಲ ಅಕ್ಕಾ. ನಾಳೆ ನೀವೇ ಬಂದು ಸೇರಿದ್ರೂ ಯಾರಿಗೂ ಹೇಳಲ್ಲ." ಎರಡನೇ ವಾಕ್ಯ ಕೇಳಿದ ಮೇಲೆ ಯಾರೂ ಒತ್ತಾಯಿಸುವುದಿಲ್ಲ.

ಎಚ್‌ಐವಿ ಇರುವವರ ಬೆಡ್ ಮೇಲೆ, ಕೇಸ್‌ಶೀಟ್ ಮುಖಪುಟದ ಮೇಲೆ ಕೆಂಪಕ್ಷರದಲ್ಲಿ ಬರೆಯುವ ರೂಢಿ ಇದ್ದರೆ ಅದನ್ನು ನಿಲ್ಲಿಸಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು ತಡೆಯುತ್ತದೆ. ಎಲ್ಲ ರೋಗಿಗಳ ರಕ್ತವನ್ನೂ ಸೋಂಕಿನದೆಂದೇ ತಿಳಿದು ಗ್ಲೌಸ್ ಹಾಕುವುದು ನಿಯಮ, ಹಾಗಾಗಿ ಆ ಗುರುತಿನಿಂದ ನಿಮಗೆ ಲಾಭವೂ ಇಲ್ಲ. ಹುಟ್ಟಿದ ಮಗುವಿನ ಫೋಟೊ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ, ಎಷ್ಟೇ ಮುದ್ದಾಗಿರಲಿ. ಅಪಘಾತದ ಗಾಯಾಳುವಿನ ವಿಡಿಯೊ ಸ್ಟಾಫ್ ಗ್ರೂಪಿಗೂ ಬೇಡ.

ನಮ್ಮ ಸೀಮೆಗೆ ವಿಶೇಷವಾದ ಒಂದು ಮಾತು ಹೇಳಲೇಬೇಕು. ಟೊಮೆಟೊ, ತರಕಾರಿ ಬೆಳೆಯುವ ಈ ಊರುಗಳಲ್ಲಿ ಕೀಟನಾಶಕದ ಡಬ್ಬ ಇಲ್ಲದ ಮನೆ ಕಡಿಮೆ. ವಿಷ ಕುಡಿದು ಬಂದವರನ್ನು ಕ್ಯಾಶುವಾಲ್ಟಿಯಲ್ಲಿ ಬೈಯುವುದು ನಡೆದುಬಂದಿದೆ: "ಸಾಯೋಕೆ ಹೋಗಿದ್ಯಲ್ಲ, ಮಕ್ಕಳ ನೆನಪಾಗಲಿಲ್ವಾ?" ಹೊಟ್ಟೆ ತೊಳೆಯುತ್ತಾ, ಅಟ್ರೊಪಿನ್ ಕೊಡುತ್ತಾ ಬೈಯುವವರಿಗೆ ಅದು ಕಾಳಜಿಯ ಮಾತೇ ಅನಿಸಬಹುದು. ಕೇಳಿಸಿಕೊಳ್ಳುವವರಿಗೆ ಹಾಗೆ ಕೇಳಿಸುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎನ್ನುತ್ತದೆ. ಪೊಲೀಸರಿಗೆ ತಿಳಿಸುವ ಎಂಎಲ್‌ಸಿ ಪ್ರಕ್ರಿಯೆ ಅದರ ಪಾಡಿಗೆ ನಡೆಯಲಿ. ನೀವು ಹೇಳಬೇಕಾದದ್ದು: "ಈಗ ನಮ್ಮ ಜೊತೆ ಇದ್ದೀರಿ, ಉಸಿರಾಡಿ, ಆಮೇಲೆ ಮಾತಾಡೋಣ." ಎಚ್ಚರವಾದ ಮೇಲೆ, ಡಿಸ್ಚಾರ್ಜ್‌ಗೆ ಮುಂಚೆ, ಮನೋವೈದ್ಯರಿಗೆ ಅಥವಾ ಆಪ್ತಸಮಾಲೋಚಕರಿಗೆ ತೋರಿಸಿದ್ದಾರೆಯೇ ಎಂದು ಡಾಕ್ಟರನ್ನು ಕೇಳಿ. ಈ ಒಂದು ಪ್ರಶ್ನೆ ನಿಮ್ಮಿಂದ ಬಂದರೆ ಎಷ್ಟೋ ಕಡೆ ಕೆಲಸ ಆಗುತ್ತದೆ.

ಐದನೇ ಹೆಜ್ಜೆ: ದುಡ್ಡು ಮತ್ತು ಮಾವಿನಹಣ್ಣು

ಹೆರಿಗೆ ವಾರ್ಡಿನ ಬಾಗಿಲಲ್ಲಿ ಮಗು ಎತ್ತಿ ಕೊಡುವಾಗ ಕೈ ಚಾಚುವುದನ್ನು ನೋಡಿದ್ದೇವೆ. ಗಂಡಾದರೆ ಒಂದು ರೇಟು, ಹೆಣ್ಣಾದರೆ ಒಂದು. ಆಯಾ ಕೇಳುತ್ತಾರೆ, ನಾವಲ್ಲ ಎಂದು ಸುಮ್ಮನಿರುವ ನರ್ಸ್‌ಗಳಿದ್ದಾರೆ. ಸುಮ್ಮನಿರುವುದೂ ಪಾಲು ತೆಗೆದುಕೊಂಡ ಹಾಗೆಯೇ. ಸರ್ಕಾರಿ ನೌಕರರಿಗೆ ಇದು 1988ರ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಅಪರಾಧ, ಕೆಲಸವೂ ಹೋಗಬಹುದು. ಅದಕ್ಕಿಂತ ಹೆಚ್ಚಾಗಿ, ಕೂಲಿ ಮಾಡಿ ಬದುಕುವ ಮನೆಯವರು ಹೆಣ್ಣು ಮಗುವಿನ ಮುಖ ನೋಡುವ ಮೊದಲೇ ದುಡ್ಡಿನ ಲೆಕ್ಕ ಹಾಕುವಂತೆ ಮಾಡುವುದು ನಮ್ಮ ವೃತ್ತಿಗೆ ಒಪ್ಪುವ ಕೆಲಸವಲ್ಲ. ಮಗುವನ್ನು ನೀವೇ ಎತ್ತಿಕೊಂಡು ಹೋಗಿ ಕೊಡಿ. ಬಾಗಿಲಲ್ಲಿ ನಿಲ್ಲುವವರಿಗೆ ಅವಕಾಶವೇ ಸಿಗುವುದಿಲ್ಲ.

ಉಡುಗೊರೆಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು ನನಗೆ ಒಪ್ಪಿಗೆಯಿಲ್ಲ. ಮೇ ತಿಂಗಳಲ್ಲಿ ಶ್ರೀನಿವಾಸಪುರದ ರೈತರೊಬ್ಬರು ಗುಣವಾಗಿ ಮನೆಗೆ ಹೋದ ಮೇಲೆ ಒಂದು ಬುಟ್ಟಿ ಮಾವಿನಹಣ್ಣು ತಂದುಕೊಟ್ಟರೆ, ಬೇಡ ಎಂದು ತಳ್ಳುವುದು ಅವರ ಮನಸ್ಸು ನೋಯಿಸಿದಂತೆ. ನಾನು ಹೇಳಿಕೊಡುವ ಅಳತೆ ಹೀಗಿದೆ. ಡಿಸ್ಚಾರ್ಜ್ ಆದ ಮೇಲೆ ಬಂದದ್ದಾಗಿರಬೇಕು, ಎಲ್ಲರೆದುರು ತೆಗೆದುಕೊಳ್ಳುವಂಥದ್ದಾಗಿರಬೇಕು, ಎಲ್ಲರೂ ಹಂಚಿ ತಿನ್ನುವಂಥದ್ದಾಗಿರಬೇಕು. ದುಡ್ಡು, ಸೀರೆ, ಬೆಳ್ಳಿ ಸಾಮಾನು ಯಾವಾಗಲೂ ಬೇಡ. ಚಿಕಿತ್ಸೆ ನಡೆಯುತ್ತಿರುವಾಗ ಹಣ್ಣೂ ಬೇಡ, ಪಕ್ಕದ ಬೆಡ್‌ನವರು ನೋಡುತ್ತಿರುತ್ತಾರೆ. ಸರ್ಕಾರಿ ಸೇವೆಯಲ್ಲಿದ್ದರೆ ನಡತೆ ನಿಯಮ ಏನು ಹೇಳುತ್ತದೋ ಅದಕ್ಕಿಂತ ಒಂದು ಹೆಜ್ಜೆ ಹಿಂದೆಯೇ ನಿಲ್ಲಿ.

ಖಾಸಗಿ ಆಸ್ಪತ್ರೆಯಲ್ಲಿ ಸಂಕಟ ಇನ್ನೊಂದು ಬಗೆಯದು. "ಮುಂಗಡ ಕಟ್ಟಿಸಿಕೊಂಡ ಮೇಲೆ ಶುರುಮಾಡಿ" ಎಂದು ಬಿಲ್ಲಿಂಗ್‌ನವರು ರಾತ್ರಿ ನರ್ಸ್ ಬಾಯಲ್ಲಿ ಹೇಳಿಸುತ್ತಾರೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಂತೆ ತುರ್ತು ಚಿಕಿತ್ಸೆಗೆ ಮುಂಗಡಕ್ಕಾಗಿ ಒತ್ತಾಯಿಸುವ ಹಾಗಿಲ್ಲ. ಇದು ನಿಮಗೆ ಗೊತ್ತಿದ್ದರೆ, "ದುಡ್ಡಿನ ಮಾತು ಬಿಲ್ಲಿಂಗ್‌ನವರೇ ಆಡಲಿ, ನಾನು ಡ್ರಿಪ್ ಹಾಕ್ತೀನಿ" ಎಂದು ಹೇಳಲು ಬೆನ್ನಿಗೆ ಕಾನೂನಿದೆ.

ಆರನೇ ಹೆಜ್ಜೆ: ನಿಮ್ಮ ಮೈ ಕಾಪಾಡಿಕೊಳ್ಳಿ

ಸೂಜಿ ಚುಚ್ಚಿದರೆ ಹಿಂಡಬೇಡಿ, ಬಾಯಿಗೆ ಇಡಬೇಡಿ, ಸ್ಪಿರಿಟ್ ಸುರಿಯಬೇಡಿ. ಸೋಪು, ಹರಿಯುವ ನೀರಿನಲ್ಲಿ ತೊಳೆದು ತಕ್ಷಣ ಇನ್‌ಚಾರ್ಜ್‌ಗೆ ಹೇಳಿ, ಬರೆಸಿ. ಎಚ್‌ಐವಿ ತಡೆಯುವ ಮಾತ್ರೆಯನ್ನು 2 ಗಂಟೆಯೊಳಗೆ ಶುರುಮಾಡಿದರೆ ಒಳ್ಳೆಯದು. 72 ಗಂಟೆ ದಾಟಬಾರದು. 28 ದಿನ ಬಿಡದೆ ನುಂಗಬೇಕು. ಖಾಸಗಿಯಲ್ಲಿ ಕೆಲಸ ಮಾಡುವವರು ಎಚ್‌ಐವಿ ಔಷಧಿ ಕೊಡುವ ಹತ್ತಿರದ ಎಆರ್‌ಟಿ ಕೇಂದ್ರ ಎಲ್ಲಿದೆ, ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಇವತ್ತೇ ಕೇಳಿ ನರ್ಸಿಂಗ್ ಸ್ಟೇಷನ್ ಗೋಡೆಗೆ ಅಂಟಿಸಿ. ಎಚ್‌ಐವಿ ಹರಡುವ ಸಾಧ್ಯತೆ ಸೂಜಿ ಗಾಯಕ್ಕೆ ಶೇ. 0.3ರಷ್ಟು, ಲಸಿಕೆ ಹಾಕಿಸದವರಿಗೆ ಹೆಪಟೈಟಿಸ್ ಬಿ ಶೇ. 30ರವರೆಗೂ ಹೋಗಬಹುದು. ಭಯ ಮೊದಲನೆಯದಕ್ಕೆ, ನಿರ್ಲಕ್ಷ್ಯ ಎರಡನೆಯದಕ್ಕೆ ಎಂಬಂತಾಗಿದೆ. ಹೆಪಟೈಟಿಸ್ ಬಿ ಲಸಿಕೆಯ 0, 1, 6 ತಿಂಗಳ ಮೂರು ಡೋಸ್ ಮುಗಿಸಿ, ಒಂದೆರಡು ತಿಂಗಳ ನಂತರ ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿ. ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗದೆ ನೇರ ಬಿಳಿ ಡಬ್ಬಕ್ಕೆ ಹಾಕಿ.

ರೋಗಿಯ ಕಡೆಯವರು ಕೈ ಮಾಡಿದರೆ ಅದನ್ನು ನುಂಗಿಕೊಳ್ಳಬೇಕಿಲ್ಲ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆಯಿದೆ, ನರ್ಸ್‌ಗಳೂ ಅದರೊಳಗೆ ಬರುತ್ತಾರೆ. ದೂರು ಆಸ್ಪತ್ರೆಯ ಹೆಸರಲ್ಲಿ ಹೋಗಲಿ ಎಂದು ಲಿಖಿತವಾಗಿ ಕೇಳಿ. ಜಗಳ ಏಳುವ ಮೊದಲು ಮಾಡಬಹುದಾದ ಒಂದು ಕೆಲಸವಿದೆ: ರೋಗಿಯ ಸ್ಥಿತಿ ಕೆಡುತ್ತಿರುವಾಗ ಡಾಕ್ಟರ್ ಮನೆಯವರ ಜೊತೆ ಮಾತಾಡುವಂತೆ ನೀವು ನೆನಪಿಸುವುದು. ನಾನು ಕಂಡ ಹೆಚ್ಚಿನ ಗಲಾಟೆ ಸಾವಿನಿಂದ ಶುರುವಾಗಿಲ್ಲ, ಗಂಟೆಗಟ್ಟಲೆ ಯಾರೂ ಏನೂ ಹೇಳದೆ ಹೊರಗೆ ಕಾಯಿಸಿದ್ದರಿಂದ ಶುರುವಾಗಿದೆ.

ಲೈಂಗಿಕ ಕಿರುಕುಳ ಡಾಕ್ಟರಿಂದಾಗಲಿ, ಸಹೋದ್ಯೋಗಿಯಿಂದಾಗಲಿ, ರೋಗಿಯ ಕಡೆಯವರಿಂದಾಗಲಿ, 2013ರ ಕಾಯ್ದೆ ನಿಮ್ಮ ಜೊತೆಗಿದೆ. 10 ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅಧ್ಯಕ್ಷತೆ ಮಹಿಳೆಯದೇ. ದೂರು ಕೊಡಲು 3 ತಿಂಗಳ ಗಡುವು. ತಕ್ಕ ಕಾರಣವಿದ್ದರೆ ಇನ್ನೂ 3 ತಿಂಗಳು ವಿಸ್ತರಿಸಬಹುದು. ಚಿಕ್ಕ ನರ್ಸಿಂಗ್ ಹೋಂಗಳಲ್ಲಿ ಸಮಿತಿ ಇಲ್ಲದಿದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಿ. ನಡೆದ ದಿನವೇ ತಾರೀಖು, ಸಮಯ, ಆಡಿದ ಮಾತು ಬರೆದಿಟ್ಟುಕೊಳ್ಳಿ; ಮೆಸೇಜ್ ಅಳಿಸಬೇಡಿ.

ನೈಟ್ ಮುಗಿಸಿ ಸ್ಕೂಟರ್‌ನಲ್ಲಿ ಹೆದ್ದಾರಿಗೆ ಇಳಿಯಬೇಡಿ. ಬಸ್ಸು ಹಿಡಿಯಿರಿ, ಇಲ್ಲವೇ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಹೊರಡಿ.

ಏಳನೇ ಹೆಜ್ಜೆ: ಒಬ್ಬರೇ ಗೊಣಗದೆ ಒಟ್ಟಾಗಿ ಬರೆಯಿರಿ

ಸಿಬ್ಬಂದಿ ಕೊರತೆಯ ಬಗ್ಗೆ ಡ್ಯೂಟಿ ರೂಮಿನಲ್ಲಿ ಆಡಿದ ಮಾತು ಅಲ್ಲೇ ಆರಿಹೋಗುತ್ತದೆ. ಪ್ರತಿ ರಾತ್ರಿ ರಿಪೋರ್ಟ್ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ: "ಒಟ್ಟು ರೋಗಿಗಳು 38, ಸ್ಟಾಫ್ 1, ಆಗದೆ ಉಳಿದ ಕೆಲಸ ಇಂತಿಂಥದು." ಒಂದು ತಿಂಗಳ ಸಾಲುಗಳನ್ನು ಒಟ್ಟು ಮಾಡಿ, ಎಲ್ಲರ ಸಹಿಯೊಂದಿಗೆ ಸೂಪರಿಂಟೆಂಡೆಂಟ್‌ಗೆ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಪಡೆಯಿರಿ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಬೋಧಕ ಆಸ್ಪತ್ರೆಯ ಜನರಲ್ ವಾರ್ಡಿಗೆ 3 ರೋಗಿಗೆ ಒಬ್ಬರು, ಬೇರೆ ಆಸ್ಪತ್ರೆಗೆ 5ಕ್ಕೆ ಒಬ್ಬರು, ಐಸಿಯುಗೆ ಒಬ್ಬರಿಗೊಬ್ಬರು. ರಜೆಯ ಲೆಕ್ಕಕ್ಕೆ ಶೇ. 30 ಹೆಚ್ಚುವರಿ. ಇದನ್ನು ಅರ್ಜಿಯಲ್ಲಿ ಉಲ್ಲೇಖಿಸಿ. ಪೂರ್ತಿ ಸಿಗದಿರಬಹುದು. ಆದರೆ ರಾತ್ರಿಗೆ ಇನ್ನೊಬ್ಬರು, ಕನಿಷ್ಠ ಒಬ್ಬ ಸಹಾಯಕಿ ಎಂಬ ಸಣ್ಣ ಬೇಡಿಕೆ ಅಂಕಿ ಸಮೇತ ಹೋದಾಗ ಗೆದ್ದದ್ದನ್ನು ನೋಡಿದ್ದೇನೆ.

ಸಂಬಳದ ವಿಷಯದಲ್ಲಿ ಖಾಸಗಿಯವರು ತಿಳಿದಿರಬೇಕಾದದ್ದು: 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ನೇಮಿಸಿದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗಳು ರಾಜ್ಯ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯವು ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕು ಎಂದು ಶಿಫಾರಸು ಮಾಡಿತು. ಇದು ಶಿಫಾರಸು, ಆದರೂ ಮಾತುಕತೆಯ ಮೇಜಿನ ಮೇಲೆ ಇಡಲು ಯೋಗ್ಯವಾದ ಕಾಗದ. ಸ್ಲಿಪ್‌ನಲ್ಲಿ ಪಿಎಫ್ ಕಡಿತ ತೋರಿಸುತ್ತಿದ್ದರೆ ಅದು ನಿಜವಾಗಿ ಜಮಾ ಆಗುತ್ತಿದೆಯೇ ಎಂದು ಉಮಂಗ್ ಆ್ಯಪ್‌ನಲ್ಲಿ ನೀವೇ ನೋಡಿಕೊಳ್ಳಿ.

ಇನ್‌ಚಾರ್ಜ್ ಸಿಸ್ಟರ್‌ಗಳಿಗೆ ಒಂದು ಮಾತು. ಜೂನಿಯರನ್ನು ರೋಗಿಯ ಮುಂದೆ ಬೈದರೆ ಅವಳು ಮುಂದಿನ ಸಲ ತಪ್ಪನ್ನು ಮುಚ್ಚಿಡುತ್ತಾಳೆ. ಒಳಗೆ ಕರೆದು ಕೇಳಿ. ಚೆನ್ನಾಗಿ ಮಾಡಿದ್ದನ್ನು ಹ್ಯಾಂಡೋವರ್‌ನಲ್ಲಿ ಎಲ್ಲರೆದುರು, ಹೆಸರು ಹಿಡಿದು ಹೇಳಿ: "ರಾತ್ರಿ 8ನೇ ಬೆಡ್ ಬ್ಲೀಡಿಂಗ್ ಕಂಡುಹಿಡಿದದ್ದು ಇವಳು." ಇದಕ್ಕೆ ಬಜೆಟ್ ಬೇಕಿಲ್ಲ, ಅನುಮತಿ ಬೇಕಿಲ್ಲ. ಹಬ್ಬದ ರಜೆಯನ್ನು ವರ್ಷದ ಮೊದಲೇ ಸರದಿ ಹಾಕಿ ಗೋಡೆಗೆ ಅಂಟಿಸಿ. ಯುಗಾದಿ ಸಿಕ್ಕವರಿಗೆ ದೀಪಾವಳಿ ಇಲ್ಲ, ರಂಜಾನ್, ಕ್ರಿಸ್‌ಮಸ್ ಆಚರಿಸುವವರಿಗೆ ಆ ದಿನ ಬಿಟ್ಟುಕೊಡುವುದು ಎಂದು ಒಪ್ಪಂದವಾದರೆ ಅರ್ಧ ಮನಸ್ತಾಪ ಅಲ್ಲೇ ಮುಗಿಯುತ್ತದೆ.

ಕೊನೆಗೆ: ಇರುವುದೋ, ಬಿಡುವುದೋ

ಇಷ್ಟೆಲ್ಲ ಮಾಡಿ, ಆರು ತಿಂಗಳ ನಂತರ ಆ ಪುಸ್ತಕವನ್ನು ಮತ್ತೆ ಎರಡು ವಾರ ಬರೆಯಿರಿ. ದಣಿವಿನ ಸಾಲುಗಳು ಹಾಗೇ ಇದ್ದು ಸಂಕಟದ ಸಾಲುಗಳು ಕಡಿಮೆಯಾಗಿದ್ದರೆ ಆ ಜಾಗದಲ್ಲಿ ಉಳಿಯಬಹುದು ಎನ್ನುತ್ತೇನೆ. ಸುಳ್ಳು ಬರೆಯಿರಿ ಎಂದು ಈಗಲೂ ಒತ್ತಾಯಿಸುತ್ತಿದ್ದರೆ, ಹೇಳಿದ್ದಕ್ಕೆ ಶಿಕ್ಷೆಯ ಡ್ಯೂಟಿ ಸಿಗುತ್ತಿದ್ದರೆ, ಸಂಬಳ ಎಷ್ಟೇ ಇರಲಿ ಬೇರೆ ಕಡೆ ನೋಡಿ. ಕೆಲಸವೇ ಬಿಟ್ಟು ಮನೆಯಲ್ಲಿ ಕೂರುವ ನಿರ್ಧಾರವನ್ನು ಮಾತ್ರ ನೈಟ್ ಡ್ಯೂಟಿ ಮುಗಿದ ಬೆಳಿಗ್ಗೆ ತೆಗೆದುಕೊಳ್ಳಬೇಡಿ.

ಬಿಡುವ ಮುನ್ನ ಹೊಸ ಆಸ್ಪತ್ರೆಗೆ ಹೋಗಿ ಅಲ್ಲಿನ ನರ್ಸ್‌ಗಳನ್ನು ಕ್ಯಾಂಟೀನ್‌ನಲ್ಲಿ ಕೇಳಿ: ರಾತ್ರಿ ವಾರ್ಡಿಗೆ ಎಷ್ಟು ಜನ, ತಪ್ಪಾದರೆ ಏನು ಮಾಡುತ್ತಾರೆ, ಸಂಬಳ ಯಾವ ತಾರೀಖಿಗೆ ಬರುತ್ತದೆ. ನೋಟಿಸ್ ಅವಧಿ ಪೂರ್ತಿ ಮಾಡಿ, ಅನುಭವ ಪ್ರಮಾಣಪತ್ರ ಮತ್ತು ರಿಲೀವಿಂಗ್ ಲೆಟರ್ ಎರಡನ್ನೂ ಕೈಗೆ ತೆಗೆದುಕೊಂಡೇ ಹೊರಡಿ. ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ನವೀಕರಣ ಬಾಕಿಯಿದೆಯೇ ನೋಡಿಕೊಳ್ಳಿ. ಹೊಸ ಜಾಗದಲ್ಲಿ ಮೂಲ ಪ್ರಮಾಣಪತ್ರ ಕೇಳಿದರೆ ತೋರಿಸಿ, ನಕಲು ಕೊಡಿ, ಮೂಲವನ್ನು ವಾಪಸ್ ಬ್ಯಾಗಿಗೆ ಹಾಕಿಕೊಳ್ಳಿ.